ಯಾವ ಗಿಡ, ಅತ್ಯಾ?

ಅತ್ಯಾ ಔಡಲೆಣ್ಣೆಯನ್ನು ಮೊದಲು ಹಚ್ಚಿಕೊಂಡದ್ದು ತನ್ನ ಬಲ ಹಿಮ್ಮಡಿಗೆ. ಹಿಮ್ಮಡಿಯಲ್ಲಿ ಒಂದು ಉದ್ದನೆಯ ಬಿರುಕಿತ್ತು. ಅದರೊಳಗೆ ಅವಳೂರು ಔರಾದದ ಕರಿಮಣ್ಣು ಒಣಗಿ ಕೂತಿತ್ತು. ಎಣ್ಣೆ ಬಿದ್ದೊಡನೆ ಆ ಗೆರೆ ಇನ್ನಷ್ಟು ಕಪ್ಪಾಗಿ ಹೊಳೆಯಿತು. ನಾನು ಚಾಪೆಯ ಮೇಲೆ ಬೋರಲಾಗಿ ಮಲಗಿದ್ದೆ. ಕೆನ್ನೆ ನೆಲಕ್ಕೆ ತಾಗಿತ್ತು, ಹಾಗಾಗಿ ಹಿಮ್ಮಡಿ ನನ್ನ ಕಣ್ಣಿನ ಮಟ್ಟದಲ್ಲೇ ಇತ್ತು. ಆಮೇಲೆ ಅದು ಮೇಲಕ್ಕೆ ಹೋಯಿತು.

ನಮ್ಮ ಕಡೆ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರನ್ನು ಪಾಯಾಳು ಎನ್ನುತ್ತಾರೆ. ಸೊಂಟ ಹಿಡಿದರೆ ಪಾಯಾಳು ಬಂದು ಮೂರು ಬೆಳಿಗ್ಗೆ ಬೆನ್ನಿಗೆ ಒದೆಯಬೇಕು, ನೋವು ಹೋಗುತ್ತದೆ ಎಂದು ನಂಬಿಕೆ. ಇದಕ್ಕೆ ಜಾತಿ ಧರ್ಮ ಇಲ್ಲ. ಚರ್ಚಿಗೆ ಹೋಗುವ ನಾವು, ಬುದ್ಧವಿಹಾರಕ್ಕೆ ಹೋಗುವ ಪಕ್ಕದ ಓಣಿಯವರು, ದರ್ಗಾಕ್ಕೆ ನಡೆದುಕೊಳ್ಳುವವರು, ಎಲ್ಲರೂ ಬೆನ್ನು ಕೊಡುತ್ತಾರೆ. ಅಪ್ಪನ ಅಕ್ಕ ಸಗುಣಾಬಾಯಿ, ನನಗೆ ಅತ್ಯಾ, ಔರಾದದಿಂದ ಕಮಲನಗರದವರೆಗೆ ಹೆಸರಾದ ಪಾಯಾಳು. ಬರಗಾಲ ಬಂದ ಮೇಲಂತೂ ಅವಳ ಹೆಸರು ಇನ್ನೂ ದೊಡ್ಡದಾಯಿತು. ಪಾಯಾಳು ಬರಿಗಾಲಲ್ಲಿ ಹೊಲ ಸುತ್ತಿದರೆ ನೀರಿರುವ ಕಡೆ ಅಂಗಾಲು ಬಿಸಿಯಾಗುತ್ತದಂತೆ. ಬೋರ್‌ವೆಲ್ ಕೊರೆಸುವವರು ಜೀಪು ತಂದು ಅವಳನ್ನು ಕರೆದೊಯ್ಯುತ್ತಿದ್ದರು.

ಅಪ್ಪ ಪ್ರೌಢಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯ. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಆದರೂ ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ಚಾಪೆ ಹಾಸಲಾಯಿತು.

ನಾನು ಮಾಡುತ್ತಿದ್ದ ಕೆಲಸವೇ ಎಲ್ಲರಿಗೂ ನೆಪವಾಯಿತು. ಓದು ಮುಗಿದ ಮೇಲೆ ಬೀಜ ಸಂಗ್ರಹದ ಯೋಜನೆಯೊಂದರಲ್ಲಿದ್ದೆ. ಎತ್ತರದ ಮರಗಳ ಬೀಜ ನೆಲಕ್ಕೆ ಬೀಳುವ ಮೊದಲೇ, ಮೇಲೆ ಹೋಗಿ, ಬಲಿತ ಕಾಯಿಯನ್ನು ಕೊಂಬೆಯಿಂದಲೇ ಬಿಡಿಸಬೇಕು. ಸೊಂಟ ತೊಡೆಗಳಿಗೆ ಬಿಗಿಯುವ ಪಟ್ಟಿ, ಹಗ್ಗ, ಕೊಂಡಿ, ಗಾಲಿಗಳನ್ನು ಬಳಸಿ ಹತ್ತುವುದನ್ನು ನಮಗೆ ಕಲಿಸಿದ್ದರು. ನಾನು ಒಮ್ಮೆಯೂ ಬಿದ್ದಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಯೋಜನೆ ನಿಂತಾಗ ನನ್ನ ಸಾಮಾನನ್ನು ನನಗೇ ಬಿಟ್ಟುಕೊಟ್ಟರು. ನಾನು ಮನೆಗೆ ಬಂದೆ. ಆ ಹೊತ್ತಿಗೆ ಬೆನ್ನಿನ ನಡುವೆ ನೋವು ಕೂತು ತಿಂಗಳುಗಳಾಗಿದ್ದವು. ಸಂಜೆಗೆ ಮೈ ಬಿಸಿಯಾಗುತ್ತಿತ್ತು, ರವಿಕೆಗಳು ಸಡಿಲಾಗಿದ್ದವು. ನಾನು ಯಾರಿಗೂ ಹೆಚ್ಚು ಹೇಳುವವಳಲ್ಲ. ಹೇಳಿದಷ್ಟಕ್ಕೆ ಎಲ್ಲರೂ, "ಗಿಡ ಹತ್ತಿ ಹತ್ತಿ ಸೊಂಟ ಹಿಡದದ" ಅಂದರು.

ಮೂರನೆಯ ಬೆಳಿಗ್ಗೆ ಅವ್ವ ನನ್ನ ಎರಡೂ ಕೈ ಹಿಡಿದುಕೊಂಡು ತಲೆಯ ಬಳಿ ಕೂತಿದ್ದಳು. ಮೊದಲೆರಡು ದಿನದ ಒದೆತಕ್ಕೆ ನೋವು ಹೆಚ್ಚಾಗಿತ್ತು. ನಾನು ಬೇಡವೆಂದೆ.

"ಹೆಚ್ಚಾಯ್ತಂದ್ರ ಹೊಂಟದ ಅಂತ ಅರ್ಥ" ಅಂದಳು ಅತ್ಯಾ. "ಹೋಗು ಮುಂದ ಕುಣಿತದ ಅದು. ಸುಮ್ನ ಬೀಳು."

ಒಣಗಿದ ಬೆಲ್ಲದ ಹೆಂಟೆ ಒಡೆದಂಥ ಸದ್ದು ಬಂತು. ನನ್ನೊಳಗಿನಿಂದಲೇ ಬಂದ ಸದ್ದು ಅದು. ಅತ್ಯಾ ಕಾಲು ತೆಗೆದಳು. ಆಮೇಲೆ ಅವಳು, "ಬಿಟ್ಟಿತು ನೋಡು" ಅಂದು, ಚಹಾ ಕುಡಿದು, ಔರಾದದ ಬಸ್ಸು ಹಿಡಿದಳು. ಅಂದು ಅವಳು ಎಂದಿಗಿಂತ ಜಲ್ದಿ ಹೊರಟಳು ಎಂಬುದು ನನಗೆ ಎಷ್ಟೋ ಕಾಲದ ಮೇಲೆ ಹೊಳೆಯಿತು.

ಸಂಜೆಯ ಹೊತ್ತಿಗೆ ನನ್ನ ಕಾಲುಗಳು ನನ್ನವಾಗಿ ಉಳಿಯಲಿಲ್ಲ. ಚಾದರದ ಅಡಿಯಲ್ಲಿ ಬೇರೆ ಯಾರೋ ಮಲಗಿದ್ದಾರೆ ಅನ್ನಿಸುತ್ತಿತ್ತು. ಅದರ ಜೊತೆಗೆ ಬಂದ ಇನ್ನೊಂದು ತೊಂದರೆಯನ್ನು ನಾನು ಬರೆಯುವುದಿಲ್ಲ. ಅನುಭವಿಸಿದವರಿಗೆ ಗೊತ್ತಾಗುತ್ತದೆ.

ಬೀದರಿನ ದವಾಖಾನೆಯ ಕಾಯುವ ಕೋಣೆಯ ಬಗ್ಗೆ ನನಗೆ ಗೊತ್ತಿರುವುದು ಅದರ ಛಾವಣಿ ಮಾತ್ರ. ಸ್ಟ್ರೆಚರ್ ಮೇಲೆ ಮಲಗಿದವರಿಗೆ ಮುಖಗಳು ಕಾಣುವುದಿಲ್ಲ, ಗದ್ದಗಳು ಕಾಣುತ್ತವೆ. ನನ್ನ ಸುತ್ತ ಗಂಟುಮೂಟೆಗಳೊಂದಿಗೆ ಕೂತ ಜನ ಹೈದರಾಬಾದಿನ ಕಟ್ಟಡಗಳಿಂದ, ಗಡಿಯಾಚೆಯ ಕಬ್ಬಿನ ಗದ್ದೆಗಳಿಂದ ನೇರ ಇಲ್ಲಿಗೇ ಇಳಿದವರು. ಆ ವರ್ಷಗಳಲ್ಲಿ ಊರಿಗೆ ಮರಳುವುದೆಂದರೆ ಒಂದೋ ಸಾವಿಗೆ, ಇಲ್ಲವೇ ಕಾಯಿಲೆಗೆ. ಪಕ್ಕದಲ್ಲಿ ಯಾರೋ ಹೆಣ್ಣುಮಗಳು, "ಯವ್ವಾ, ಜರಾ ನೀರು ಕುಡೀತಿಯೇನು?" ಎಂದು ಬಾಟಲಿ ನನ್ನ ತುಟಿಗೆ ಹಿಡಿದಳು. ಅವಳ ಗದ್ದದ ಮೇಲಿದ್ದ ಹಸಿರು ಹಚ್ಚೆಯ ಚುಕ್ಕೆ ನೆನಪಿದೆ. ಮುಖ ಗೊತ್ತಿಲ್ಲ.

ಸ್ಕ್ಯಾನ್ ನೋಡಿದ ಡಾಕ್ಟರ್ ಬಂದು ಬೆನ್ನುಮೂಳೆಗೆ ಟೀಬಿ ಅಂದರು.

"ಕೆಮ್ಮೇ ಇಲ್ಲಲ್ರಿ ಸರ್" ಅಂದ ಅಪ್ಪ.

"ಎಲ್ಲಾ ಟೀಬಿನೂ ಕೆಮ್ಮಲ್ಲ ಮಾಸ್ತರ್. ಒಂದು ಎಲುಬು ಒಳಗಿಂದೊಳಗ ತಿಂದಿತ್ತು. ಅಷ್ಟಾಗಿದ್ರ ಗುಳಿಗಿಯಿಂದನ ಆಗ್ತಿತ್ತು. ಈಗ ಅದು ಕುಸದದ, ನರ ಒತ್ತಿಕೊಂಡದ. ಬೆನ್ನಿಗೆ ಏನರ ಪೆಟ್ಟಾಗಿತ್ತೇನು?"

ಅಪ್ಪನ ಕೈ ನನ್ನ ಹಣೆಯ ಮೇಲಿತ್ತು.

"ಗಿಡದಿಂದ ಬಿದ್ದಾಳ್ರಿ. ಗಿಡ ಹತ್ತು ಕೆಲಸ ಅಕಿದು."

ನಾನು ಬಾಯಿ ತೆರೆದೆ. ಕೈ ಹಣೆಯನ್ನು ಸ್ವಲ್ಪ ಒತ್ತಿತು, ಅಷ್ಟೇ. ಅಪ್ಪನನ್ನು ಸಾಕಿ ಓದಿಸಿದವಳು ಅತ್ಯಾ. ತನ್ನ ಮದುವೆಯನ್ನೇ ಅವನಿಗಾಗಿ ಮುಂದೂಡಿದವಳು. ಅವನ ನಾಲಿಗೆಗೆ ಅವಳ ಹೆಸರು ಬರುವಂತಿರಲಿಲ್ಲ. ನನಗೋ ಆ ಹೊತ್ತಿನಲ್ಲಿ ಕಾಲುಗಳ ಹೊರತು ಬೇರೆ ಯಾವ ಚಿಂತೆಯೂ ಇರಲಿಲ್ಲ. ಹಾಗೆ ಆ ಮಾತು ನಿಂತಿತು. ಡಾಕ್ಟರರಿಂದ ನರ್ಸಿಗೆ, ನರ್ಸಿನಿಂದ ನೋಡಲು ಬಂದ ಚರ್ಚಿನವರಿಗೆ, ಅವರಿಂದ ಇಡೀ ಭಾಲ್ಕಿಗೆ ಹೋಯಿತು. ಪ್ರಭುದಾಸ ಮಾಸ್ತರರ ಮಗಳು ಗಿಡದಿಂದ ಬಿದ್ದಳಂತೆ.

ಬೆನ್ನಿಗೆ ಕಂಬಿ ಹಾಕಿದರು. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಸೊಂಟದ ಕೀಲು ಮುರಿದುಕೊಂಡ ರಜಿಯಾಬೀ ಇದ್ದರು, ಬೀದರಿನ ಹಳೆಯ ಊರಿನವರು. ಅವರು ಏಳುವಂತಿರಲಿಲ್ಲ, ನಾನು ಹೊರಳುವಂತಿರಲಿಲ್ಲ. ಅವರ ಬಳಿ ಉದ್ದನೆಯ ಹಿಡಿಯ ಒಂದು ಸ್ಟೀಲ್ ಚಮಚ ಇತ್ತು. ಪ್ರತಿ ಬೆಳಿಗ್ಗೆ ಅದನ್ನು ನೀರಿನ ಮಗ್ಗಿನಲ್ಲಿ ಅದ್ದಿ, ಕೈ ಚಾಚಿ, ನನ್ನ ಅಂಗಾಲಿಗೆ ಮುಟ್ಟಿಸುತ್ತಿದ್ದರು.

"ಕ್ಯಾ ಬೇಟಿ, ಇವತ್ತು?"

"ಇಲ್ಲ ಖಾಲಾ."

"ಇರ್ಲಿ. ನಾಳಿ ನೋಡಮು. ಚಮಚಾ ಎಲ್ಲಿ ಓಡಿ ಹೋಗ್ತದ?"

ಒಂದು ಬೆಳಿಗ್ಗೆ ನಾನು ಛಾವಣಿ ನೋಡುತ್ತಾ ಮಲಗಿದ್ದೆ. ಎಲ್ಲೋ ದೂರದಲ್ಲಿ, ನನ್ನ ಕೊನೆಯಲ್ಲಿ, ಏನೋ ತಣ್ಣಗಾಯಿತು. "ಖಾಲಾ, ಥಂಡಿ" ಅಂದೆ. ರಜಿಯಾಬೀ ಚಮಚವನ್ನು ಕಬ್ಬಿಣದ ಮಂಚಕ್ಕೆ ಬಾರಿಸತೊಡಗಿದರು. ನರ್ಸು ಓಡಿ ಬಂದಳು. ಅವ್ವ ಮಂಚದ ಕೆಳಗಿನಿಂದ ಎದ್ದು ಬಂದು ನನ್ನ ಪಾದಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಆ ಕಾಯಿಲೆಯಲ್ಲಿ ನಾನು ಅತ್ತದ್ದು ಆಗ ಮಾತ್ರ.

ಮನೆಗೆ ಬಂದೆ. ನಮ್ಮ ಮನೆ ಭಾಲ್ಕಿಯ ಅಂಚಿನಲ್ಲಿದೆ, ಹಿತ್ತಲಿಗೆ ತಾಗಿಯೇ ಹಳ್ಳ. ಹಳ್ಳವೆಂದರೆ ಕೆಂಪು ಮುರುಮಿನ ನೆಲದಲ್ಲಿ ಕೊರೆದ ಆಳವಾದ ಕಂದರ. ನೀರು ಎಂದೋ ಬತ್ತಿದೆ. ಆಚೆ ದಡದಲ್ಲಿ ಅವ್ವನ ತವರಿನಿಂದ ಬಂದ ತುಂಡು ಹೊಲ, ಒಂದು ಹಳೆಯ ಬಾವಿ, ಒಂದು ಹುಣಸೆ ಮರ. ಆ ಮರದ ಮೇಲೆ ನಾನು ಮೊದಲ ಬಾರಿ ಹತ್ತಿದಾಗ ನನಗಿನ್ನೂ ಹಾಲುಹಲ್ಲು. ಕಿಟಕಿಯಿಂದ ಅದು ಕಾಣುತ್ತಿತ್ತು. ಬೆಲ್ಟು ಕಟ್ಟಿಕೊಂಡು, ಮೂತ್ರಕ್ಕೆ ಕೇಸರಿ ಬಣ್ಣ ಬರಿಸುವ ಟೀಬಿ ಮಾತ್ರೆಗಳನ್ನು ಖಾಲಿ ಹೊಟ್ಟೆಗೆ ನುಂಗಿ, ನಾನು ಅದನ್ನೇ ನೋಡುತ್ತಿದ್ದೆ.

ಅತ್ಯಾ ಬಂದಳು. ಬಾಳೆಹಣ್ಣು ತಂದಿದ್ದಳು. ನೋಡಲು ಬಂದ ಹೆಂಗಸರು ಸುತ್ತ ಕೂತಿದ್ದರು.

"ಬ್ಯಾಡ ಬ್ಯಾಡ ಅಂತ ಬಡಕೊಂಡೆ" ಅಂದಳು. "ಹೆಣ್ಣುಮಗಳು ಮಂಗ್ಯಾನಂಗ ಗಿಡ ಹತ್ತಿದ್ರ ಏನಾಗ್ತದ? ಇದಾಗ್ತದ. ಪ್ರಭು, ಆ ಹಗ್ಗಗೋಳು ಮೊದಲ ಬಾವಿಗಿ ಬಿಸಾಕು. ಇನ್ನ ಅಕಿ ಈ ಹಳ್ಳ ದಾಟ್ತಾಳೇನು? ಅಂಗಳ ದಾಟಿದ್ರ ಸಾಕು."

ಹೆಂಗಸರು ಚುಚ್ ಎಂದರು. ಅತ್ಯಾ ನನ್ನ ಕಡೆ ನೋಡಲಿಲ್ಲ. ಅಪ್ಪ ಹಗ್ಗಗಳನ್ನು ಬಾವಿಗೆ ಹಾಕಲಿಲ್ಲ, ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಅಟ್ಟಕ್ಕೆ ಏರಿಸಿದ. ಅವನ ಧೈರ್ಯ ಅಷ್ಟರಮಟ್ಟಿಗಿನದು.

ಪಾಸ್ಟರ್ ಬಂದು, ಕ್ಷಮಿಸಿದರೆ ದೇಹ ಬೇಗ ಗುಣವಾಗುತ್ತದೆ ಎಂದು ಪ್ರಾರ್ಥಿಸಿ ಹೋದರು. ಯಾರನ್ನು ಕ್ಷಮಿಸಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಇಂಥ ಬರಹಗಳಲ್ಲಿ ಕ್ಷಮೆಯ ಮಾತು ಬರುತ್ತದೆಂದು ನನಗೆ ಗೊತ್ತಿದೆ. ನನಗೆ ಗುಣವಾದದ್ದು ಸಿಟ್ಟಿನಿಂದ. ಗೋಡೆ ಹಿಡಿದು ಪಡಸಾಲೆ ಸುತ್ತುವಾಗ ಪ್ರತಿ ಹೆಜ್ಜೆಯನ್ನೂ ಆ ಹಿಮ್ಮಡಿಯ ಮೇಲೆ ಇಡುತ್ತಿದ್ದೇನೆ ಎಂದುಕೊಂಡು ಇಟ್ಟೆ. ನನಗೆ ಬೇಕಾದದ್ದು ಒಂದೇ ವಾಕ್ಯ. ಅದು ಅವಳ ಬಾಯಿಂದ, ನಾಲ್ಕು ಜನರ ಮುಂದೆ ಬರಬೇಕು. ಟೀಬಿಯನ್ನು ನಾನು ಅವಳ ತಲೆಗೆ ಕಟ್ಟುವುದಿಲ್ಲ, ಅದು ಬಂದದ್ದು ಬೇರೆ ದಾರಿಯಲ್ಲಿ. ಎಲುಬು ಕುಸಿದದ್ದು ಮಾತ್ರ ಅವಳದು. ಅದನ್ನು ಅವಳು ನನ್ನ ಮರಗಳ ಮೇಲೆ ಹೊರಿಸಿದ್ದಳು.

ನಾನು ನಡೆದೆ, ಆದರೆ ಎಡಪಾದದ ಮುಂಭಾಗ ಏಳದೆ ಎಳೆಯುತ್ತಿತ್ತು. ಈಗಲೂ ಸ್ವಲ್ಪ ಎಳೆಯುತ್ತದೆ. ಸಮನೆಲದಲ್ಲಿ ಸರಿ, ಹಳ್ಳದ ಇಳಿಜಾರಿನಲ್ಲಿ ಆಗದು. ಅತ್ಯಾಳ ಮಾತು ನಿಜವಾಗಿತ್ತು. ಅದೇ ನನ್ನನ್ನು ಹೆಚ್ಚು ಕೊರೆಯುತ್ತಿದ್ದದ್ದು.

ಆ ಬೇಸಿಗೆಯಲ್ಲಿ ನಲ್ಲಿಗಳು ನಿಂತವು. ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು, ಟ್ರಕ್ಕು ಹತ್ತಿ ಕಬ್ಬು ಕಡಿಯಲು ಹೋಗಿದ್ದರು. ಉಳಿದವರಿಗೆ ಆಚೆ ದಡದ ನಮ್ಮ ಬಾವಿಯ ತಳದ ನೀರೇ ಗತಿ. ಅವ್ವ ಕೊಡ ಹೊತ್ತು ಹಳ್ಳ ಇಳಿದು ಹತ್ತುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ಅವಳು ಜಾರಿ ಬಿದ್ದು, ಒದ್ದೆ ಸೀರೆಯಲ್ಲಿ, ಖಾಲಿ ಕೊಡದೊಂದಿಗೆ ಬಂದು ನನ್ನ ಎದುರು ಕೂತಳು.

"ಅವ್ವಾ, ಪೆಟ್ಟಿಗಿ ಕೀಲಿ ಎಲ್ಲದ?" ಅಂದೆ.

"ಯಾಕ?"

"ಕೊಡ ತಾನೇ ಬರೋಹಂಗ ಮಾಡ್ತೇನಿ."

ಅವಳು ಖಾಲಿ ಕೊಡವನ್ನು ಪಕ್ಕಕ್ಕೆ ಸರಿಸಿದಳು. "ಕೊಡ ಅಷ್ಟೇನಾ?" ಅಂದಳು. ಕೈ ಹಿಡಿದು ಕೂತಿದ್ದವಳು ಅವಳು. ಆ ಸದ್ದನ್ನು ಅವಳೂ ಕೇಳಿದ್ದಳು. ನಾವಿಬ್ಬರೂ ಅದರ ಬಗ್ಗೆ ಎಂದೂ ಮಾತಾಡಿರಲಿಲ್ಲ. ಕೀಲಿ ಅವಳ ಸೆರಗಿನ ಗಂಟಿನಲ್ಲೇ ಇತ್ತು.

ಮೊದಲು ಹಗ್ಗಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳುಗಳ ನಡುವೆ ಎಳೆಯುತ್ತಾ ಪೂರ್ತಿ ಪರೀಕ್ಷಿಸಿದೆ. ಇಲಿ ಕಡಿದಿದೆಯೇ, ಒಳಗಿನ ತಿರುಳು ಮೆತ್ತಗಾಗಿದೆಯೇ, ಹೊಲಿಗೆ ಬಿಚ್ಚಿದೆಯೇ. ಎರಡು ದಪ್ಪ ಹಗ್ಗಗಳು ಚೆನ್ನಾಗಿದ್ದವು. ಎರಡನ್ನೂ ಜೋಡಿಯಾಗಿ ಕಟ್ಟುವುದೆಂದು ನಿರ್ಧರಿಸಿದೆ, ಒಂದು ಭಾರಕ್ಕೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ. ಈಚೆ ದಡದಲ್ಲಿ ಹಿತ್ತಲಿನ ಬೇವಿನ ಮರ, ಆಚೆ ಹುಣಸೆ. ಹುಣಸೆಯ ದಡ ಸ್ವಲ್ಪ ಎತ್ತರ, ಆದ್ದರಿಂದ ತುಂಬಿದ ಕೊಡ ತಾನಾಗಿ ಮನೆಯ ಕಡೆ ಜಾರುತ್ತದೆ. ಹಗ್ಗ ಎಸೆಯುವ ಪುಟ್ಟ ಮರಳುಚೀಲಕ್ಕೆ ತೆಳು ದಾರ ಕಟ್ಟಿ ಬೇವಿನ ಕವಲಿಗೆ ಎಸೆದೆ. ಕಾಲು ಸೋತಿತ್ತೇ ಹೊರತು ಕೈ ಮರೆತಿರಲಿಲ್ಲ. ಚೀಲ ಕವಲಿನ ಮೇಲೆ ಹಾದು ಆಚೆ ಇಳಿದಾಗ, ಕಾಯಿಲೆಯ ನಂತರ ಮೊದಲ ಸಲ ನನಗೆ ನನ್ನ ಪರಿಚಯವಾಯಿತು.

ಹಗ್ಗದ ತುದಿ ಹಿಡಿದು ಹಳ್ಳ ಇಳಿದು ಹತ್ತಿ, ಆಚೆಯ ಗಂಟನ್ನು ಅವ್ವನೇ ಹಾಕಬೇಕಿತ್ತು. ನಾನು ಈಚೆಯಿಂದ ಕೂಗಿ ಹೇಳುತ್ತಿದ್ದೆ.

"ಅವ್ವಾ, ಮೊದಲ ಗೋಣಿಚೀಲ ಸುತ್ತು! ತೊಗಟಿ ಸುಲಿಬಾರ್ದು! ಮ್ಯಾಲ ಪಟ್ಟಿ ಎರಡು ಸುತ್ತು!"

"ಸುತ್ತೇನಿ! ಮುಂದ?"

"ಹಗ್ಗದ ತುದಿ ಬಂದ ದಾರಿಲೇ ವಾಪಸ್ ಹೋಗ್ಬೇಕು!"

"ನಿಮ್ಮಪ್ಪನಂಗಾ?"

ದಡದಲ್ಲಿ ಕೂತು ಬೀಡಿ ಸೇದುತ್ತಿದ್ದ ನಮ್ಮ ಓಣಿಯ ಪಂಢರಿ ಮಾಮಾ ನಕ್ಕ. ಅವ್ವ ಗಂಟಿನ ಫೋಟೋವನ್ನು ಫೋನಿನಲ್ಲಿ ಕಳಿಸಿದಳು. ನಾಲ್ಕು ಸಲ ಬಿಚ್ಚಿಸಿದೆ, ಐದನೆಯದು ಪುಸ್ತಕದಲ್ಲಿ ಅಚ್ಚಾದಂತಿತ್ತು.

ಗಾಲಿಗಳನ್ನು ಜೋಡಿಸಿ ಬಿಗಿದೆವು. ಹಗ್ಗವನ್ನು ತಂತಿಯಂತೆ ಬಿಗಿಯಬಾರದು, ಆಗ ಮರಕ್ಕೂ ಕೊಂಡಿಗೂ ಭಾರ ಅತಿಯಾಗುತ್ತದೆ. ಸ್ವಲ್ಪ ಜೋಲು ಬಿಡಬೇಕು. ಜೋಲು ನಡುವೆ ಇರುತ್ತದೆ, ಅಂದರೆ ಹಳ್ಳ ಎಲ್ಲಿ ಹೆಚ್ಚು ಆಳವೋ ಅಲ್ಲಿ. ಓಡುವ ಗಾಲಿಗೆ ಎರಡೂ ಕಡೆ ಎಳೆಯುವ ಹಗ್ಗ ಕಟ್ಟಿದೆ. ಆಚೆಯವರು ಎಳೆದರೂ ಈಚೆಯವರು ಸಡಿಲ ಬಿಟ್ಟರೆ ಮಾತ್ರ ಅದು ಚಲಿಸುತ್ತದೆ. ಡಾಕ್ಟರರನ್ನು ಮೊದಲೇ ಕೇಳಿದ್ದೆ. "ಜೋಕಾಲಿನಾ? ಕೂಡ್ರಿ. ಆದ್ರ ಧಡಕ್ ಅಂತ ನಿಲ್ಲಬಾರ್ದು" ಅಂದಿದ್ದರು. ಹಾಗಾಗಿ ಅದು ಓಡುವುದಕ್ಕಿಂತ ನಡೆಯುವಂತೆ ಕಟ್ಟಿದೆ.

ನಾವಿಬ್ಬರೂ ಸೇರಿದರೂ ತೂಗದಷ್ಟು ಮಣ್ಣಿನ ಚೀಲಗಳು ಮೊದಲು ಹೋದವು. ಆಮೇಲೆ ಕೊಡಗಳು. ಓಣಿಯವರು ಅದಕ್ಕೆ ಪಾಳಣಾ ಎಂದು ಹೆಸರಿಟ್ಟರು, ತೊಟ್ಟಿಲು ಎಂದರ್ಥ. ಕೊಡಗಳು ತಪ್ಪದೆ ಬರತೊಡಗಿ ಕೆಲವು ದಿನಗಳಾದ ಮೇಲೆ, ನಾನು ಸೊಂಟಕ್ಕೆ ಪಟ್ಟಿ ಬಿಗಿದು, ಕೊಂಡಿಗಳನ್ನು ಎರಡೆರಡು ಸಲ ಜಗ್ಗಿ ನೋಡಿ, ದಡದ ಅಂಚಿನಿಂದ ಮೈ ಬಿಟ್ಟೆ. ಅಪ್ಪ ಬಾಗಿಲಲ್ಲಿ ನಿಂತಿದ್ದ, ತಡೆಯಲಿಲ್ಲ. ಅವ್ವ ಆಚೆಯಿಂದ ಎಳೆದಳು. ನಡುವಿನಲ್ಲಿ ಕೆಳಗೆ ನೋಡಿದೆ. ನನ್ನ ಎರಡು ಕಾಲುಗಳು ಗಾಳಿಯಲ್ಲಿದ್ದವು. ಅವಕ್ಕೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಒಳ್ಳೆಯದು, ಕೆಟ್ಟದ್ದು ಎಂಬ ವ್ಯತ್ಯಾಸವೂ ಇರಲಿಲ್ಲ. ಹುಣಸೆಯ ತೊಗಟೆಗೆ ಅಂಗೈ ಒತ್ತಿದಾಗ ನನ್ನ ತಲೆಯಲ್ಲಿ ಬಂದದ್ದು ಕೃತಜ್ಞತೆಯಲ್ಲ. ದಾಟಿದೆ, ಇನ್ನು ನಿನ್ನನ್ನು ಕರೆಸುತ್ತೇನೆ ಎಂದುಕೊಂಡೆ.

ಕರೆಸುವ ಕೆಲಸವನ್ನು ಪಂಢರಿ ಮಾಮಾನೇ ಮಾಡಿದ. ಬಾವಿ ಬತ್ತುತ್ತಾ ಬಂದಿತ್ತು. ಓಣಿಯವರು ಸೇರಿ ಅವ್ವನ ಹೊಲದಲ್ಲಿ ಬೋರ್ ಕೊರೆಸಲು ನಿಶ್ಚಯಿಸಿದರು. ಜಾಗ ತೋರಿಸಲು ಸಗುಣಾಬಾಯಿ ಬರಬೇಕೆಂದರು. ನಾನು ಬೇಡವೆನ್ನಲಿಲ್ಲ.

ಅತ್ಯಾ ಬಂದಳು. ಮೈ ಬಂದಿತ್ತು, ಮೊಣಕಾಲು ಹಿಡಿದಿದ್ದವು. ಹಳ್ಳದ ಅಂಚಿಗೆ ಬಂದು ಇಳಿಜಾರು ನೋಡಿ ನಿಂತಳು.

"ಇಳಿಯೋದು ಆಗಲ್ಲ ನನ್ನ ಕಡಿಂದ."

"ಪಾಳಣಾ ಅದಲ್ರಿ ಬಾಯಿ" ಅಂದ ಪಂಢರಿ ಮಾಮಾ. "ತುಂಬಿದ ಕೊಡ ಹೋಗಿ ಬರ್ತಾವ, ನೀವು ಹೋಗಲ್ರೇನು?"

"ನಾ ಏನು ಕೊಡನೇನೋ?"

"ತುಂಬಿದ ಕೊಡರಿ."

ಜನ ನಕ್ಕರು. ನಗುವಿನ ಎದುರು ಹಿಂದೆ ಸರಿಯುವವಳಲ್ಲ ಅತ್ಯಾ. ಸೆರಗು ಬಿಗಿದಳು. ನಾನು ಅವಳಿಗೆ ಪಟ್ಟಿ ತೊಡಿಸಿದೆ, ಸೊಂಟಕ್ಕೊಂದು, ತೊಡೆಗಳಿಗೆ ಸೀರೆಯ ಮೇಲಿಂದ ಎರಡು. ಇಷ್ಟು ಹತ್ತಿರ ಅವಳ ಮೈ ವಾಸನೆ ಔಡಲೆಣ್ಣೆಯದೇ. ಪ್ರತಿ ಕೊಂಡಿಯನ್ನೂ ಮೂರು ಸಲ ನೋಡಿದೆ. ಅವಳಿಗೆ ಒಂದು ಗೀರೂ ಆಗಬಾರದಿತ್ತು. ಅವಳು ನನಗೆ ಇಡಿಯಾಗಿ ಬೇಕಿದ್ದಳು.

ಆಚೆ ದಡದಲ್ಲಿ ಅವ್ವ ಮತ್ತು ಹಳ್ಳ ಇಳಿದು ಹೋಗಿದ್ದ ಪಂಢರಿ ಮಾಮಾ ಎಳೆಯತೊಡಗಿದರು. ನಾನು ಹಿಂದಿನ ಹಗ್ಗವನ್ನು ಬೇವಿನ ಕಾಂಡಕ್ಕೆ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋದೆ. ಅಪ್ಪ ನನ್ನ ಪಕ್ಕದಲ್ಲಿದ್ದ, ಓಣಿಯವರು ಹಿಂದೆ. ಅತ್ಯಾ ಜೋಲಿನ ನಡುವಿಗೆ ಬಂದಳು. ನಾನು ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿದೆ. ಅವಳು ನಿಂತಳು.

ಬಲಗಾಲಿನ ಚಪ್ಪಲಿ ಕಳಚಿ ಕೆಳಗೆ ಬಿತ್ತು. ಅದು ನೆಲ ಮುಟ್ಟುವವರೆಗೂ ಎಲ್ಲರೂ ಅದನ್ನೇ ನೋಡಿದರು. ಅವಳ ಬೆನ್ನು ನಮ್ಮ ಕಡೆಗಿತ್ತು. ಬಿರುಕಿನ ಹಿಮ್ಮಡಿ ಮತ್ತೆ ನನ್ನ ಕಣ್ಣಿನ ಮಟ್ಟದಲ್ಲಿ ತೂಗುತ್ತಿತ್ತು. ಒದೆಯಲು ಅದಕ್ಕೆ ಏನೂ ಸಿಗುತ್ತಿರಲಿಲ್ಲ.

"ಯಾಕ ನಿಂತ್ತು? ಎಳಿರಿ!"

"ಎಳಿತೇವಿ ಅತ್ಯಾ" ಅಂದೆ. ನಾನು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಅಂದು ಹಳ್ಳದ ಎರಡೂ ದಡಕ್ಕೆ ಕೇಳುವಂತೆ ಮಾತಾಡಿದೆ. "ಮೊದಲ ಒಂದು ಹೇಳ್ರಿ. ನನ್ನ ಬೆನ್ನಿಗಿ ಏನಾಗಿತ್ತು?"

"ಏ ಪೋರಿ, ಹುಚ್ಚು ಹಿಡದದೇನು? ಗಿಡದಿಂದ ಬಿದ್ದಿದ್ದಿ!"

"ಯಾವ ಗಿಡ, ಅತ್ಯಾ?"

ಅವಳ ಬರಿಗಾಲು ಗಾಳಿಯಲ್ಲಿ ನೆಲ ತಡಕಿತು.

"ನಾ ಹತ್ತಿದ ಒಂದೊಂದು ಗಿಡದ ಹೆಸರೂ ನನಗ ಗೊತ್ತದ. ಬಿದ್ದಿದ್ದು ಯಾವ ಗಿಡದಿಂದ? ಬೇವಾ? ಆಲದಾ? ಹುಣಸಿನಾ? ನೀವೇ ಹೇಳೀರಿ ಊರಿಗೆಲ್ಲಾ, ನಿಮಗ ಗೊತ್ತಿರಬೇಕು."

"ಪ್ರಭು! ಏ ಪ್ರಭು! ನಿನ್ನ ಮಗಳಿಗಿ ಹೇಳು!"

ಎಲ್ಲರೂ ಅಪ್ಪನ ಕಡೆ ನೋಡಿದರು. ಅವನು ಬೇವಿನ ಕಾಂಡದ ಮೇಲಿನ ನನ್ನ ಕೈ ನೋಡುತ್ತಿದ್ದ. ಹಗ್ಗ ಬಿಚ್ಚುತ್ತಾನೆ ಎಂದುಕೊಂಡೆ. ಅವನ ಕೈ ಎದ್ದದ್ದೂ ನಿಜ. ಅದು ಗಾಳಿಯಲ್ಲೇ ನಿಂತು, ಕೆಳಗಿಳಿಯಿತು.

"ಹೇಳಿಬಿಡು ಅಕ್ಕಾ" ಅಂದ. ಶಾಲೆಯಲ್ಲಿ ಪಾಠ ಒಪ್ಪಿಸಲು ಹೇಳುವ ಧ್ವನಿ ಅದು. "ನಾ ಹೇಳ್ಬೇಕಿತ್ತು. ನೀ ಹೇಳು."

ಹಗ್ಗ ಕಿರುಗುಟ್ಟಿತು. ಅತ್ಯಾ ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಒದ್ದೆ" ಅಂದಳು.

"ಕೇಳಿಸಲಿಲ್ರಿ."

"ಒದ್ದೆ! ನಾನೇ ಒದ್ದೆ! ಕಟ್ ಅಂತು. ನನಗ ಅವತ್ತೇ ಗೊತ್ತಾಯ್ತು. ನಿನಕ್ಕಿನ್ನ ಮೊದಲ ನನ್ನ ಹಿಮ್ಮಡಕ್ಕ ಗೊತ್ತಾಯ್ತು. ಸಾಕಾ?"

ನಾನು ಕೇಳಬೇಕೆಂದಿದ್ದ ವಾಕ್ಯಕ್ಕಿಂತ ಅದು ಹೆಚ್ಚೇ ಇತ್ತು. ತಿಳಿಯದೆ ಮಾಡಿದಳೆಂದು ನಾನೂ ಎಲ್ಲೋ ಒಂದು ಕಡೆ ಜಾಗ ಬಿಟ್ಟಿದ್ದೆ. ಆ ಜಾಗ ಮುಚ್ಚಿಕೊಂಡಿತು. ಅವತ್ತೇ ಗೊತ್ತಿತ್ತು. ಚಹಾ ಕುಡಿಯುವಾಗಲೂ, ಬಸ್ಸು ಹತ್ತುವಾಗಲೂ, ಬಾಳೆಹಣ್ಣು ತಂದಾಗಲೂ ಗೊತ್ತಿತ್ತು. ಆ ಬೆಳಿಗ್ಗೆಯೇ ಒಂದು ಮಾತು ಹೇಳಿದ್ದರೆ, ಸಂಜೆ ಕಾಲು ಹೋಗುವ ಮೊದಲೇ ಬೀದರ್ ತಲುಪಬಹುದಿತ್ತು.

ಆಚೆ ದಡದಿಂದ ಅವ್ವನ ಧ್ವನಿ ಬಂತು.

"ಶೀಲಾ, ಎಳಿಲೇನು?"

ನಾನು ಹಗ್ಗದ ಸುತ್ತು ಬಿಚ್ಚಲಿಲ್ಲ. ಅದನ್ನು ಅವ್ವ ನೋಡಿದಳು.

"ಹೌದು ಬಿಡು" ಅಂದಳು. "ಇನ್ನ ಜರಾ ಇರ್ಲಿ."

ಇದ್ದಳು. ಗಾಳಿಗೆ ಮೆಲ್ಲಗೆ ತಿರುಗಿ ನಮ್ಮ ಕಡೆ ಮುಖವಾದಾಗ ಅತ್ಯಾಳ ಕಣ್ಣು ಮುಚ್ಚಿದ್ದವು. ನನಗೆ ಕರುಣೆ ಬಂತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬರಲಿಲ್ಲ.

ಕೊನೆಗೆ ನಾನು ಸುತ್ತು ಬಿಚ್ಚಿದೆ. ಆಚೆ ತಲುಪಿದ ಮೇಲೆ ಅವಳು ಬರಿಗಾಲಲ್ಲಿ ಹೊಲದಲ್ಲಿ ನಿಂತಳು. ಒಂದೆರಡು ಹೆಜ್ಜೆ ಹಾಕಿ, "ಇವತ್ತ ಕಾಲು ಏನೂ ಹೇಳವಲ್ಲದು" ಅಂದಳು. "ಇರ್ಲಿ ಬಿಡ್ರಿ ಬಾಯಿ, ನಾವೇ ಎಲ್ಲ್ಯಾರ ನೋಡ್ತೇವಿ" ಅಂದ ಪಂಢರಿ ಮಾಮಾ, ಅವಳ ಕಾಲನ್ನು ನೋಡದೆ. ವಾಪಸು ಬರಲು ಪಾಳಣಾ ಬೇಡವೆಂದಳು. ಹಳ್ಳ ದಾಟಿ ಬಂದ ಅಪ್ಪನ ಕೈ ಹಿಡಿದು, ಕೂತು ಕೂತು ಜಾರಿ, ಆ ಹಳ್ಳವನ್ನು ಇಳಿದಳು. ನಾನು ಅವಳ ತಲೆಯ ಮೇಲಿನಿಂದಲೇ ಹೋಗಿ ಬಂದೆ, ಒಂದು ತುಂಬಿದ ಕೊಡ ಹಿಡಿದುಕೊಂಡು.

ಔರಾದದ ಬಸ್ಸು ಹೋಗಿತ್ತು. ರಾತ್ರಿ ಅವಳು ನಮ್ಮಲ್ಲೇ ಉಳಿದಳು.

ಮರುದಿನ ಬೆಳಿಗ್ಗೆ ನಾನು ಎದ್ದು ಬಂದಾಗ ಅಂಗಳದಲ್ಲಿ ಒಬ್ಬ ಹೆಣ್ಣುಮಗಳು ತಾನೇ ತಂದ ಚಾಪೆ ಹಾಸಿ ಬೋರಲಾಗಿ ಮಲಗುತ್ತಿದ್ದಳು. ನನ್ನ ವಯಸ್ಸಿನವಳು. ಕಬ್ಬಿನ ಕೆಲಸದಿಂದ ಹಿಂದಿನ ದಿನವಷ್ಟೇ ಇಳಿದವಳು, ಪಾಯಾಳು ಬಂದಿದ್ದಾಳೆಂದು ಯಾರೋ ಹೇಳಿದ್ದರಂತೆ. ಹಳ್ಳದ ಸುದ್ದಿ ಅವಳಿಗಿನ್ನೂ ತಲುಪಿರಲಿಲ್ಲ. ಅತ್ಯಾ ಮಂಚದ ಮೇಲೆ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡು ಕೂತಿದ್ದಳು.

"ಸಂಜಿಗಿ ಮೈ ಬಿಸಿ ಆಗ್ತದೇನು?" ಎಂದು ಅವಳನ್ನು ಕೇಳಿದೆ.

"ಹೌದ್ರಿ ಅಕ್ಕಾ. ನಿಮಗ ಹ್ಯಾಂಗ ಗೊತ್ತು?"

"ಕುಪ್ಪಸ ಸಡ್ಲಾಗ್ಯಾವೇನು?"

ಅವಳು ತೋಳಿನ ಬಳಿ ಹಾಕಿದ್ದ ಹೊಲಿಗೆ ತೋರಿಸಿದಳು. ನಾನು ಅವಳನ್ನು ಮೆಲ್ಲಗೆ ಎಬ್ಬಿಸಿ, ಚಾಪೆ ಸುತ್ತಿ ಅವಳ ಕೈಗೆ ಕೊಟ್ಟು, ಒಳಗಿನಿಂದ ನನ್ನ ಬ್ಯಾಗು ತಂದೆ.

"ಶೀಲಾ" ಅಂದಳು ಅತ್ಯಾ, ಮಂಚದಿಂದ. "ದವಾಖಾನ್ಯಾಗ ನನ್ನ ಹೆಸರ ತಗಿಬ್ಯಾಡ ಯವ್ವಾ."

ನಾನು ಆ ಹೆಣ್ಣುಮಗಳನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಅವಳನ್ನು ಕಿಟಕಿಯ ಬಳಿ ಕೂರಿಸಿ, ಬೀದರಿನವರೆಗೂ ಅವಳ ಬೆನ್ನಿಗೆ ನನ್ನ ಮಡಿಚಿದ ಚಾದರ ಒತ್ತಿ ಹಿಡಿದಿದ್ದೆ. ಕಾಯುವ ಕೋಣೆಯಲ್ಲಿ ಈ ಸಲ ನನಗೆ ಮುಖಗಳು ಕಂಡವು. ಅದೇ ಡಾಕ್ಟರು ಇದ್ದರು. ಅವಳ ಬೆನ್ನನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ, "ಯಾರರ ತುಳಿದ್ರೇನು? ಪೆಟ್ಟಾಗೇದೇನು?" ಎಂದು ಕೇಳಿದರು.

"ಇಲ್ರಿ, ಅಕಿನ್ನ ತುಳಿಯೋಕಿಂತ ಮೊದಲ ಕರ್ಕೊಂಡು ಬಂದೇನಿ" ಅಂದೆ. "ತುಳಿದಿದ್ದು ನನ್ನ ಬೆನ್ನು. ನಾ ಯಾವ ಗಿಡದಿಂದಾನೂ ಬಿದ್ದಿಲ್ರಿ ಸರ್. ನನ್ನ ಅತ್ಯಾ ಒದ್ದಳು. ಸಗುಣಾಬಾಯಿ."

ಅವರು ನನ್ನನ್ನು ನೋಡಿದರು. ಊರು ಕೇಳಲಿಲ್ಲ. ನಾನೇ ಹೇಳಿದೆ.

"ಔರಾದ."